ರಾತ್ರಿ ಒಂಬತ್ತರ ಮೇಲೆ ಬಾಗಿಲು ಎಣಿಸುತ್ತ

ಬುಧವಾರ, ರಾತ್ರಿ 9.20.

ಚರ್ಚ್ ಸ್ಟ್ರೀಟಿನ ಪಶ್ಚಿಮದ ತುದಿಯಲ್ಲಿ ನಿಂತಿದ್ದೇನೆ. ಬೆನ್ನ ಹಿಂದೆ ಜನವೋ ಜನ. ಗಿಟಾರು ಹಿಡಿದ ಹುಡುಗ, ಅವನ ಸುತ್ತ ಫೋನೆತ್ತಿ ನಿಂತವರು, ಪುಸ್ತಕದಂಗಡಿಯಿಂದ ಕೈಚೀಲ ಭಾರ ಮಾಡಿಕೊಂಡು ಹೊರಬಂದವರು, ಐಸ್‌ಕ್ರೀಮು ಸೋರುವ ಮೊದಲೇ ತಿಂದು ಮುಗಿಸುವ ಆತುರದ ಮಕ್ಕಳು. ಎದುರಿಗೆ ಸೇಂಟ್ ಮಾರ್ಕ್ಸ್ ರಸ್ತೆ. ಅಲ್ಲಿಯ ಫುಟ್‌ಪಾತು ಈ ಊರಿನ ಒಳ್ಳೆಯ ಫುಟ್‌ಪಾತುಗಳಲ್ಲಿ ಒಂದು. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಕೊಳವೆ, ತಂತಿಗಳನ್ನೆಲ್ಲ ಕೆಳಗೆ ಹಾಕಿ ಅಗಲವಾಗಿ, ಸಮವಾಗಿ ಮಾಡಿದ್ದು. ಅದರ ಮೇಲೆ ಈಗ ಒಬ್ಬರೂ ಇಲ್ಲ.

ಜಾತ್ರೆಗೂ ಆ ಖಾಲಿಗೂ ನಡುವೆ ಹತ್ತು ಹೆಜ್ಜೆಯೂ ಇಲ್ಲ. ಮೋಡದ ದಿನ ಹೊಲದ ಈ ಬದುವಿಗೆ ಮಳೆ ಬಂದು ಆ ಬದು ಒಣಗಿರುವ ಹಾಗೆ.

*

ಇದನ್ನು ಬರೆದುಕೊಳ್ಳಲು ಶುರುಮಾಡಿದ್ದು ಮಗಳಿಂದ. ಅವಳ ಆಫೀಸಿನಿಂದ ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣಕ್ಕೆ ಒಂಬತ್ತು ನಿಮಿಷದ ನಡಿಗೆ. ಬೆಳಿಗ್ಗೆ ನಡೆದೇ ಹೋಗುತ್ತಾಳೆ. ರಾತ್ರಿ ಹತ್ತಕ್ಕೆ ಕೆಲಸ ಮುಗಿದಾಗ ಅದೇ ದಾರಿಗೆ ಆಟೋ. ಆಟೋದವರು ಅಷ್ಟು ಹತ್ತಿರಕ್ಕೆ ಒಪ್ಪುವುದಿಲ್ಲ. ಒಪ್ಪಿದವರು ಕೇಳಿದಷ್ಟು ಕೊಡಬೇಕು. "ಏನಾದ್ರೂ ಆಗಿದೆಯೇನೇ ಆ ದಾರೀಲಿ?" ಎಂದೆ. "ಏನೂ ಆಗಿಲ್ಲಮ್ಮ. ಯಾರೂ ಇರಲ್ಲ, ಅಷ್ಟೇ" ಎಂದಳು.

ನಾನೂ ಈ ಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಸಂಜೆ ಆರೂವರೆಗೆ ಬಸ್ಸು ಹಿಡಿದು ಹೊರಟರೆ, ನಾನು ಹೋದ ಮೇಲೆ ಈ ಬೀದಿಗಳು ಏನಾಗುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಹಗಲು ಅಷ್ಟು ಸಾವಿರ ಜನರನ್ನು ಹಿಡಿದಿದ್ದ ಜಾಗ ರಾತ್ರಿ ಒಬ್ಬ ಹುಡುಗಿಗೆ ಒಂಬತ್ತು ನಿಮಿಷ ಜೊತೆ ಕೊಡಲಾರದೆ? ಅದೇ ಕಲ್ಲು, ಅದೇ ದೂರ, ಅದೇ ಹುಡುಗಿ. ಬದಲಾಗುವುದು ಏನು?

*

ಮೊದಲು ಬೆಳಕು ಎಂದುಕೊಂಡೆ. ಬೀದಿ ದೀಪದ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ಹೆಮ್ಮೆಯಿದೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1905ರ ಆಗಸ್ಟ್ 5ರಂದು ಇಲ್ಲಿಯ ಬೀದಿಯಲ್ಲಿ ಉರಿಯಿತು.

ರೆಸಿಡೆನ್ಸಿ ರಸ್ತೆಯಲ್ಲಿ ತಲೆಯೆತ್ತಿ ನೋಡಿದೆ. ದೀಪಗಳಿವೆ, ಉರಿಯುತ್ತಲೂ ಇವೆ. ಆದರೆ ಕಂಬ ಎತ್ತರ, ದೀಪದ ಮುಖ ವಾಹನದ ದಾರಿಯ ಕಡೆಗೆ. ಕಂಬಕ್ಕೂ ಫುಟ್‌ಪಾತಿಗೂ ನಡುವೆ ಮಳೆಮರದ ಕೊಡೆ. ಬೆಳಕೆಲ್ಲ ಎಲೆಗಳ ಮೇಲೆ ಬಿದ್ದು ಅಲ್ಲಿಯೇ ಮುಗಿಯುತ್ತದೆ. ಕೆಳಗೆ ನಡೆಯುವವರಿಗೆ ಸಿಗುವುದು ಚೂರುಚೂರು. ಮರ ಕಡಿಯಿರಿ ಎಂದು ಯಾರಾದರೂ ಹೇಳುವ ಮೊದಲೇ ಬರೆದಿಡುತ್ತೇನೆ: ಮರದ ತಪ್ಪಲ್ಲ, ದೀಪದ ಎತ್ತರದ ತಪ್ಪು. ಕೊಂಬೆಗಿಂತ ಕೆಳಗೆ, ಆಳೆತ್ತರಕ್ಕೆ ಸ್ವಲ್ಪ ಮೇಲೆ ಒಂದು ದೀಪ ಇಟ್ಟರೆ ಎದುರು ಬರುವವರ ಮುಖ ಕಾಣುತ್ತದೆ. ರಾತ್ರಿ ನಡೆಯುವ ಹೆಂಗಸಿಗೆ ಬೇಕಾದದ್ದು ರಸ್ತೆ ಕಾಣುವುದಕ್ಕಿಂತ ಮುಖ ಕಾಣುವುದು.

ಆದರೂ ಬೆಳಕೊಂದೇ ಕಾರಣ ಅಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಸಾಕಷ್ಟು ಬೆಳಕಿರುವ ಕಡೆಯೂ ಜನ ಇರಲಿಲ್ಲ.

*

ಶುಕ್ರವಾರ, ಬೆಳಗಿನ ಜಾವ 3.40. ಕೃಷ್ಣರಾಜೇಂದ್ರ ಮಾರುಕಟ್ಟೆ.

ಫುಟ್‌ಪಾತು ಎಂಬುದು ಇಲ್ಲಿ ಇಲ್ಲ. ಇದ್ದರೂ ಅದರ ಮೇಲೆ ಸೇವಂತಿಗೆಯ ಮೂಟೆ. ಕಾಲ ಕೆಳಗೆ ಎಲೆಕೋಸಿನ ಎಲೆ, ಕೆಸರು, ಹಗ್ಗ. ತಳ್ಳುಗಾಡಿಯವನು "ಸೈಡು, ಸೈಡು" ಎಂದು ಕೂಗುತ್ತ ಮೊಣಕಾಲಿಗೆ ತಾಗಿಸಿಕೊಂಡೇ ಹೋಗುತ್ತಾನೆ. ದೀಪಗಳು ಅಂಗಡಿಯವರದ್ದೇ, ವೈರಿಗೆ ತೂಗುಹಾಕಿದ ಬಲ್ಬುಗಳು. ಇಲ್ಲಿ ನನಗೆ ಒಂದು ಕ್ಷಣವೂ ಭಯವಾಗಲಿಲ್ಲ.

ಕನಕಾಂಬರ ಕಟ್ಟುತ್ತ ಕೂತಿದ್ದ ಅಜ್ಜಿಯ ಪಕ್ಕ ಗೋಣಿಯ ಮೇಲೆ ಕೂತೆ. "ಒಬ್ಬರೇ ಬರ್ತೀರಾ ಅಜ್ಜಿ, ಈ ಹೊತ್ತಿಗೆ?" "ಒಬ್ಬಳೇ ಎಲ್ಲಿ ತಾಯಿ? ಇಷ್ಟು ಜನ ಇಲ್ವಾ?" ಎಂದರು. ಬೆರಳು ನಿಲ್ಲಲಿಲ್ಲ. ಎರಡು ಹೂ ಆ ಕಡೆ, ಎರಡು ಈ ಕಡೆ, ದಾರ ಸುತ್ತಿ ಬಿಗಿದು ಮುಂದೆ.

ಒಳ್ಳೆಯ ಕಲ್ಲು ಹಾಸಿದರೆ ಜನ ನಡೆಯುತ್ತಾರೆ ಎಂಬ ನನ್ನ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ಕಲ್ಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಗಾಲಿಕುರ್ಚಿಯವರಿಗೆ, ಮಂಡಿನೋವಿನವರಿಗೆ, ಈ ಅಜ್ಜಿಗೆ ಖಂಡಿತ ಬೇಕು. ಆದರೆ ಕಲ್ಲು ಜನರನ್ನು ಕರೆತರುವುದಿಲ್ಲ. ಬಂದವರನ್ನು ನೆಮ್ಮದಿಯಾಗಿ ನಡೆಸುತ್ತದೆ, ಅಷ್ಟೆ.

*

ಎಣಿಸುವುದನ್ನು ಶುರುಮಾಡಿದ್ದೇನೆ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಬೀದಿಗೆ ತೆರೆದ ಬಾಗಿಲು ಎಷ್ಟು?

ಚರ್ಚ್ ಸ್ಟ್ರೀಟಿನ ಒಂದು ಮಗ್ಗುಲಲ್ಲಿ ಲೆಕ್ಕ ಹಾಕುತ್ತ ಹಾಕುತ್ತ ತಪ್ಪಿತು, ಅಷ್ಟು ಬಾಗಿಲು. ಮೆಟ್ಟಿಲು ಹತ್ತಿ ಹೋಗುವವು, ಇಳಿದು ಹೋಗುವವು, ಒಬ್ಬರು ಪಕ್ಕಕ್ಕೆ ತಿರುಗಿಯೇ ನುಗ್ಗಬೇಕಾದವು. ಮಗಳ ದಾರಿಯಲ್ಲಿ ಒಂದು ಕಚೇರಿಯ ಕಾಂಪೌಂಡು ನನ್ನ ಹೆಜ್ಜೆಯಲ್ಲಿ 112. ಬಾಗಿಲು ಸೊನ್ನೆ. ಎರಡು ಗೇಟುಗಳಿವೆ, ಒಂದರ ಮೇಲೆ "ಒಳಗೆ", ಇನ್ನೊಂದರ ಮೇಲೆ "ಹೊರಗೆ" ಎಂದು ಬರೆದಿದೆ. ಎರಡೂ ಕಾರುಗಳಿಗೆ. ಅದರ ಪಕ್ಕದ ಗೋಡೆ ಇನ್ನೂ ಉದ್ದ.

ಕಟ್ಟಡದ ಮುಂದೆ ಇಷ್ಟು ಜಾಗ ಬಿಡಬೇಕು ಎಂಬ ನಿಯಮ ಗಾಳಿಬೆಳಕಿಗೆಂದು, ಮುಂದೆ ರಸ್ತೆ ಅಗಲ ಮಾಡಬೇಕಾದೀತೆಂದು ಹುಟ್ಟಿದ್ದು. ಹಾಗೆ ಬಿಟ್ಟ ಜಾಗದಲ್ಲಿ ಕಾರು ನಿಂತವು. ಕಾರು ಕಾಯಲು ಗೋಡೆ ಬಂತು, ಗೋಡೆ ಕಾಯಲು ಮನುಷ್ಯ ಬಂದ. ಹಳೆಯ ಪೇಟೆಯಲ್ಲಿ ಈ ಕಥೆ ನಡೆಯಲಿಲ್ಲ. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಜಗಲಿ. ಜಗಲಿಯ ಅಂಚು ಮುಗಿದಲ್ಲಿ ಬೀದಿ. ಅಂಗಡಿ ಮುಚ್ಚಿದ ಮೇಲೂ ಮೇಲಿನ ಕಿಟಕಿಯಲ್ಲಿ ಯಾರೋ ತಟ್ಟೆ ತೊಳೆಯುವ ಸದ್ದು.

*

ಆ 112 ಹೆಜ್ಜೆಯ ಗೋಡೆಯ ಕಾವಲಿನವರು ಯಾದಗಿರಿ ಕಡೆಯವರು. ಮೂರನೆಯ ದಿನ ಅವರೇ ಮಾತಾಡಿಸಿದರು, ಈ ಹೆಂಗಸು ದಿನಾ ಬಂದು ಗೋಡೆಯ ಪಕ್ಕ ಏನು ಎಣಿಸುತ್ತಾಳೆ ಎಂದು.

"ಹತ್ತು ಹೊಡೀತಂದ್ರ ಇಲ್ಲಿ ನಾಯಿ ಸೈತ ಸುಳಿಯಂಗಿಲ್ರಿ ಅಮ್ಮಾರ" ಎಂದರು. ಅವರು ಕೂರುವುದು ಗೇಟಿನ ಒಳಗೆ, ತಗಡಿನ ಗೂಡಿನಲ್ಲಿ. ಅಲ್ಲಿಂದ ಬೀದಿ ಕಾಣುವುದಿಲ್ಲ.

"ಗೇಟಿನ ಆಚೆ ಕುರ್ಚಿ ಹಾಕ್ಕೊಂಡು ಕೂತ್ಕೋಬಾರ್ದಾ?"

"ಸಾಹೇಬ್ರು ಬೈತಾರ್ರಿ. ಕ್ಯಾಮೆರಾದಾಗ ಕಾಣ್ತದ. ಒಳಗಿಂದು ನಂದು, ಹೊರಗಿಂದು ಸರ್ಕಾರದ್ದು ಅಂತಾರ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಾಗ ಆದ್ರ ಕಟ್ಟಿ ಮ್ಯಾಲ ಕುಂತು ಕಾಯ್ತಿದ್ವಿ" ಎಂದರು.

ಈ ಒಂದು ಮೈಲಿಯ ಒಳಗೆ ರಾತ್ರಿಯಿಡೀ ಎಚ್ಚರವಿರುವ ಕಾವಲುಗಾರರು ಎಷ್ಟು ಮಂದಿ ಇರಬಹುದು? ಗೇಟಿಗೊಬ್ಬರು ಎಂದರೂ ದೊಡ್ಡ ಪಡೆಯೇ ಆಯಿತು. ಎಲ್ಲರೂ ಗೋಡೆಗೆ ಒಳಮುಖವಾಗಿ ಕೂತಿದ್ದಾರೆ. ಕುರ್ಚಿಗಳನ್ನು ನಾಲ್ಕಡಿ ಹೊರಗೆ ತಂದರೆ ಮಗಳ ದಾರಿಯಲ್ಲಿ ಐವತ್ತು ಹೆಜ್ಜೆಗೊಬ್ಬ ಮನುಷ್ಯ ಸಿಗುತ್ತಾನೆ, ಯಾರ ಜೇಬಿನಿಂದಲೂ ಒಂದು ರೂಪಾಯಿ ಹೆಚ್ಚು ಹೋಗದೆ. ಇಷ್ಟು ಸುಲಭದ್ದು ಏಕೆ ಆಗಿಲ್ಲ ಎಂದು ನಿಜವಾಗಿಯೂ ಅರ್ಥವಾಗುತ್ತಿಲ್ಲ.

*

ಎಂ.ಜಿ. ರಸ್ತೆಯ ವಿಷಯ ಬೇರೆ. ಅದು ಹುಟ್ಟುವಾಗಲೇ ಒಂದು ದಡದ ಹೊಳೆ. 1948ರಲ್ಲಿ ಗಾಂಧೀಜಿಯ ಹೆಸರು ಪಡೆಯುವವರೆಗೂ ಅದು ಸೌತ್ ಪೆರೇಡ್, ಅಂದರೆ ದಂಡಿನ ಪೆರೇಡ್ ಮೈದಾನದ ದಕ್ಷಿಣದ ಅಂಚು. ಅಂಗಡಿಗಳು ಒಂದೇ ಪಕ್ಕ. ಇನ್ನೊಂದು ಪಕ್ಕ ಮೈದಾನ, ಅದರಾಚೆ ಕಬ್ಬನ್ ರಸ್ತೆ. ಒಂದು ಕಾಲಕ್ಕೆ ಆ ಪಕ್ಕದಲ್ಲಿ ಮರಗಳ ಕೆಳಗಿನ ಕಾಲುದಾರಿ ಇತ್ತು, ಬೋಗನ್‌ವಿಲ್ಲಾ ಇತ್ತು, ಕೂರಲು ಜಾಗ ಇತ್ತು. ನಾನೂ ಮಧ್ಯಾಹ್ನದ ಡಬ್ಬಿ ಅಲ್ಲಿ ಎಷ್ಟೋ ಸಲ ಬಿಚ್ಚಿದ್ದೇನೆ. ಮೆಟ್ರೋ ಕಟ್ಟುವಾಗ ಅದು ಹೋಯಿತು. 2011ರ ಅಕ್ಟೋಬರ್ 20ರಂದು ಮೊದಲ ರೈಲು ಹೊರಟಿತು, ಆಮೇಲೆ ಸೇತುವೆಯ ಕೆಳಗೆ ಹೊಸ ಬೊಲೆವಾರ್ಡು ಬಂತು.

ಮೆಟ್ರೋ ಬಗ್ಗೆ ನನ್ನದೇನೂ ದೂರಿಲ್ಲ. ಹನ್ನೊಂದರ ಆಸುಪಾಸಿನ ಕೊನೆಯ ರೈಲೇ ಈ ಭಾಗದ ನಿಜವಾದ ಗಡಿಯಾರ. ಹತ್ತೂವರೆಯಾದರೆ ಚರ್ಚ್ ಸ್ಟ್ರೀಟಿನಲ್ಲಿ ನಡಿಗೆಯ ವೇಗವೇ ಬೇರೆಯಾಗುತ್ತದೆ. ಅಡ್ಡಾಡುತ್ತಿದ್ದವರು ಹೆಜ್ಜೆ ಬೀಸುತ್ತಾರೆ. ಮನೆಗೆ ಮುಟ್ಟುವ ದಾರಿ ಖಚಿತವಿದ್ದಷ್ಟು ಹೊತ್ತು ಮಾತ್ರ ಮನುಷ್ಯರು ನಿಧಾನವಾಗಿ ನಡೆಯುತ್ತಾರೆ.

*

ಹಳೆಯ ನೆನಪೊಂದು ಬಂತು. ಬರೆದಿಡುತ್ತೇನೆ, ಸಂಬಂಧ ಆಮೇಲೆ ತಿಳಿದೀತು.

ಅಪ್ಪ ಸೆಕೆಂಡ್ ಶೋಗೆ ಕರೆದುಕೊಂಡು ಹೋಗುತ್ತಿದ್ದರು. ಕೆಂಪೇಗೌಡ ರಸ್ತೆ, ಗಾಂಧಿನಗರ. ಸಾಗರ್, ಮೆಜೆಸ್ಟಿಕ್, ತ್ರಿಭುವನ್, ನರ್ತಕಿ, ಸಂತೋಷ್, ಒಂದರ ಪಕ್ಕ ಒಂದು ಥಿಯೇಟರು. ಕಪಾಲಿಯಂತೂ ಊರಿನಷ್ಟು ದೊಡ್ಡದು ಅನ್ನಿಸುತ್ತಿತ್ತು. ಆಟ ಬಿಡುವಾಗ ಹನ್ನೆರಡು ದಾಟಿರುತ್ತಿತ್ತು. ಎಲ್ಲ ಥಿಯೇಟರಿನ ಬಾಗಿಲೂ ಹೆಚ್ಚುಕಮ್ಮಿ ಒಟ್ಟಿಗೇ ತೆರೆದು ಜನ ನೇರ ಬೀದಿಗೆ ಬರುತ್ತಿದ್ದರು. ಅವರಿಗಾಗಿ ಕಡಲೆಕಾಯಿಯ ಗಾಡಿ, ಇಡ್ಲಿಯ ಬಂಡಿ, ಪಾನ್ ಅಂಗಡಿ. ಕಾಟನ್‌ಪೇಟೆಯ ಮನೆಯವರೆಗೂ ನಮ್ಮ ಹಿಂದೆ ಮುಂದೆ ಅದೇ ಸಿನಿಮಾ ನೋಡಿದವರು, ಅದೇ ಹಾಡು ಗುನುಗುತ್ತ. ಅಮ್ಮ ಸೆರಗು ಹೊದ್ದು ನಡೆಯುತ್ತಿದ್ದಳು, ಚಳಿಗೆ ಹೊರತು ಅಂಜಿಕೆಗಲ್ಲ.

ಕಪಾಲಿ 2017ರಲ್ಲಿ ಮುಚ್ಚಿತು. ಸಾಗರ್, ಮೆಜೆಸ್ಟಿಕ್ ಅದಕ್ಕೂ ಮೊದಲೇ ಹೋದವು.

ರಾತ್ರಿಯಾಟ ನೋಡುವವರು ಈ ಊರಲ್ಲಿ ಕಡಿಮೆಯಾಗಿಲ್ಲ. ಹೋದ ವಾರ ಒಂದು ಮಾಲಿನ ಎದುರು ರಾತ್ರಿ ಹನ್ನೆರಡೂಕಾಲಿಗೆ ನಿಂತು ನೋಡಿದೆ. ಒಳಗೆ ಹಲವು ತೆರೆ, ನೂರಾರು ಜನ. ಮುಂಬಾಗಿಲಿನಿಂದ ಬಂದವರು ಹತ್ತಿಪ್ಪತ್ತು ಮಂದಿ. ಉಳಿದವರೆಲ್ಲ ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿದು, ಕಾರು ಹತ್ತಿ, ಇಳಿಜಾರಿನಿಂದ ಮೇಲೆ ಬಂದು, ಗಾಜು ಏರಿಸಿಕೊಂಡು ಹೊರಟುಹೋದರು. ಅವರ ಕಾಲು ಬೀದಿಗೆ ತಾಗಲೇ ಇಲ್ಲ.

ಸಂಬಂಧ ಈಗ ತಿಳಿಯಿತು. ಜನ ಇದ್ದಾರೆ. ಕಚೇರಿಯಲ್ಲಿ ಹತ್ತರವರೆಗೆ ದುಡಿಯುವವರು, ಸಿನಿಮಾದವರು, ಹೋಟೆಲಿನ ಅಡುಗೆಯವರು, ಕಚೇರಿ ಗುಡಿಸಿ ಒರೆಸುವ ಹೆಂಗಸರು. ಬೀದಿಗೆ ಅವರನ್ನು ಬಿಡುವ ಬಾಗಿಲುಗಳಿಲ್ಲ.

*

ಇಂದೋರಿಗೆ ಮದುವೆಗೆ ಹೋಗಿದ್ದಾಗ ರಾಜವಾಡಾದ ಹತ್ತಿರದ ಸರಾಫಾ ಬಜಾರಿಗೆ ಕರೆದುಕೊಂಡು ಹೋದರು. ಹಗಲು ಬೆಳ್ಳಿ ಬಂಗಾರದ ಬೀದಿ. ರಾತ್ರಿ ಚಿನಿವಾರರು ಷಟರು ಎಳೆಯುತ್ತಿದ್ದ ಹಾಗೆ ಅದೇ ಷಟರಿನ ಮುಂದೆ, ಅದೇ ಕಟ್ಟೆಯ ಮೇಲೆ ಬಾಣಲೆ ಇಡುತ್ತಾರೆ. ಜೋಳವನ್ನು ತುರಿದು ಹಾಲಿನಲ್ಲಿ ಬೇಯಿಸುವ ಭುಟ್ಟೆ ಕಾ ಕೀಸ್, ಗೆಣಸಿನ ಜಾತಿಯ ಗರಾಡು, ಮೊಸರುವಡೆ, ಹಾಳೆಯಗಲದ ಜಿಲೇಬಿ. ಮಧ್ಯರಾತ್ರಿ ದಾಟಿದರೂ ಅಜ್ಜಿಯರು, ಮೊಮ್ಮಕ್ಕಳು. ಒಡವೆಯ ಅಂಗಡಿಯವರಿಗೆ ತೊಂದರೆ ಅಲ್ಲವೇ ಎಂದು ಕೇಳಿದೆ. ನೆಂಟರು ನಕ್ಕರು: ಇಷ್ಟು ಜನರ ಎದುರಿಗೆ ಬೀಗ ಒಡೆಯುವ ಕಳ್ಳ ಯಾರು? ಅಹಮದಾಬಾದಿನ ಮಾಣೆಕ್ ಚೌಕವೂ ಹೀಗೆಯೇ, ಹಗಲು ಚಿನ್ನ, ರಾತ್ರಿ ತಿಂಡಿ.

ನಮ್ಮಲ್ಲಿ ಬಾಗಿಲು ಮುಚ್ಚಿದ ಬ್ಯಾಂಕಿನ ಮುಂದೆ ಯಾರಾದರೂ ನಿಂತರೆ ಅನುಮಾನ. ಇಂದೋರಿನಲ್ಲಿ ಯಾರೂ ನಿಲ್ಲದಿದ್ದರೆ ಅನುಮಾನ. ಯಾರ ಲೆಕ್ಕ ಸರಿ ಎಂದು ನನಗಂತೂ ಸಂಶಯವಿಲ್ಲ. ವಿ.ವಿ. ಪುರದ ತಿಂಡಿ ಬೀದಿಯಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕಚೇರಿಗಳ ಬೀದಿಗೆ ಆ ಬುದ್ಧಿ ಹೋಗಿಲ್ಲ.

*

ಚಿಕ್ಕ ಟಿಪ್ಪಣಿ. ಎಂಟರಿಂದ ಹನ್ನೊಂದರವರೆಗೆ ತಿರುಗಬೇಕೆಂದರೆ ಹೆಂಗಸಿಗೆ ಶೌಚಾಲಯ ಬೇಕು. ಇವತ್ತು ಹುಡುಕಿದೆ. ಸಿಕ್ಕ ಒಂದಕ್ಕೆ ಬೀಗ. ಕೊನೆಗೆ ಒಂದು ಹೋಟೆಲಿನಲ್ಲಿ ಬೇಡವಾದ ಕಾಫಿ ಕುಡಿದು ಕೆಲಸ ಮುಗಿಸಿದೆ. ಹೂ ಮಾರುವವರು, ಗುಡಿಸುವವರು ಎಲ್ಲಿ ಹೋಗಬೇಕು? ಜೀವಂತ ಬೀದಿಯ ಬಗ್ಗೆ ಯಾರೇ ಯೋಜನೆ ಬರೆಯಲಿ, ಮೊದಲ ಪುಟದಲ್ಲಿ ಇದು ಇರಬೇಕು.

*

ಚರ್ಚ್ ಸ್ಟ್ರೀಟು ತಾನಾಗಿಯೇ ಹೀಗಾದದ್ದಲ್ಲ. ಕಲ್ಲು ಹಾಸಿ 2018ರಲ್ಲಿ ಬಿಟ್ಟುಕೊಟ್ಟರು. 2020ರ ನವೆಂಬರಿನಿಂದ ಮುಂದಿನ ಫೆಬ್ರುವರಿಯವರೆಗೆ ಶನಿವಾರ, ಭಾನುವಾರ ವಾಹನ ನಿಲ್ಲಿಸಿ ಪ್ರಯೋಗ ಮಾಡಿದರು, ಗಾಳಿಯನ್ನೂ ಅಳೆದರು. ಕೊರೋನಾದ ಮೊದಲ ವರ್ಷ ಅದು. ತಿಂಗಳುಗಟ್ಟಲೆ ಮನೆಯೊಳಗಿದ್ದವರು ಮುಖಗವಸು ಕಟ್ಟಿಕೊಂಡು ಬಂದು ಬೀದಿಯ ನಟ್ಟನಡುವೆ ಸುಮ್ಮನೆ ನಿಂತದ್ದನ್ನು ನೋಡಿದ್ದೇನೆ. ಮಗುವೊಂದು ರಸ್ತೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡಿತು. ತಾಯಿ ಏಳಿಸಲಿಲ್ಲ.

ಪ್ರಯೋಗ ಮುಗಿಯಿತು, ವಾಹನ ಮರಳಿದವು. ಆ ಭಾರಕ್ಕೆ ಕಲ್ಲುಗಳು ಏಳುತ್ತವೆ, ರಿಪೇರಿ ಆಗುತ್ತವೆ, ಮತ್ತೆ ಏಳುತ್ತವೆ.

ಅಂದರೆ ಮುಕ್ಕಾಲು ಕಿಲೋಮೀಟರಿಗೂ ಕಡಿಮೆ ಉದ್ದದ ಒಂದು ಬೀದಿ ಊರಿನ ಇಷ್ಟೊಂದು ಜನರ ಸಂಜೆಯನ್ನು ಹೊತ್ತಿದೆ. ಅಲ್ಲಿ ನೂಕುನುಗ್ಗಲು ಎಂದು ಗೊಣಗುವವರು ಪಕ್ಕದ ಬೀದಿ ಏಕೆ ಖಾಲಿ ಎಂದು ಕೇಳುವುದಿಲ್ಲ.

*

ಭಾನುವಾರ, ಸಂಜೆ 7.30. ವಿಧಾನಸೌಧದ ಎದುರು.

ದೀಪ ಹಾಕಿದ್ದಾರೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಬೈಕಿನಲ್ಲಿ ಮೂವರು ನಾಲ್ವರಾಗಿ ಜನ ಬಂದಿದ್ದಾರೆ. ಸೋಪಿನ ಗುಳ್ಳೆ ಊದುವವರು, ಮಸಾಲೆ ಕಡಲೆ, ಮಾವಿನಕಾಯಿ ಹೋಳು. ಕೂರಲು ಜಾಗವಿಲ್ಲ. ಕಂಬಿಬೇಲಿಗೆ ಬೆನ್ನು ಕೊಟ್ಟು ಫುಟ್‌ಪಾತಿನ ಅಂಚಿನಲ್ಲೇ ಕೂತಿದ್ದಾರೆ, ಕಾಲು ರಸ್ತೆಗೆ ಚಾಚಿ, ಬಸ್ಸು ಬಂದಾಗ ಮಡಚಿ. ಪಕ್ಕದಲ್ಲಿದ್ದ ಹೆಂಗಸು ಪೀಣ್ಯದ ಗಾರ್ಮೆಂಟಿನವರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾದ ಮೇಲೆ ತಿಂಗಳಿಗೊಮ್ಮೆ ಮಕ್ಕಳನ್ನು ಕರೆತರುತ್ತಾರಂತೆ. "ಮುಂಚೆ ಇದನ್ನೆಲ್ಲ ಟಿವಿಲೇ ನೋಡ್ತಿದ್ವಿ ಅಕ್ಕ" ಎಂದರು.

ದೀಪ ಆರಿತು. ಸ್ವಲ್ಪ ಹೊತ್ತಿನಲ್ಲೇ ಬೀದಿಯೂ ಖಾಲಿ. ವಾರದ ಉಳಿದ ದಿನಗಳಲ್ಲಿ ಈ ಜನ ಎಲ್ಲಿ ಕೂರುತ್ತಾರೆ? ಊರಿನ ನಡುವಿನಲ್ಲಿ ದುಡ್ಡು ಕೊಡದೆ ಕೂರಬಹುದಾದ ಜಾಗ, ಕತ್ತಲಾದ ಮೇಲೆ, ಎಲ್ಲೆಲ್ಲಿದೆ? ಕಬ್ಬನ್ ಪಾರ್ಕು ರಾತ್ರಿ ಮುಚ್ಚುತ್ತದೆ.

*

2024ರ ಜುಲೈನಲ್ಲಿ ಹೋಟೆಲು, ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಬಹುದೆಂದು ಸರ್ಕಾರ ಆದೇಶ ಹೊರಡಿಸಿತು. ಅದರ ಬಗ್ಗೆ ಪರವಿರೋಧ ಸಾಕಷ್ಟು ಕೇಳಿದ್ದೇನೆ. ನನ್ನ ಪ್ರಶ್ನೆ ಬೇರೆ. ಹನ್ನೊಂದರ ಮೇಲೆ ಬಿಯರು ಸಿಗುವ ಬೀದಿಯಲ್ಲಿ ಕೂತು ಕುಡಿಯಲು ಚಹಾ ಏಕೆ ಸಿಗುವುದಿಲ್ಲ? ಮದ್ಯದಂಗಡಿ ಮಾತ್ರ ತೆರೆದಿದ್ದರೆ ಬೀದಿಯಲ್ಲಿ ಉಳಿಯುವವರು ಒಂದೇ ಬಗೆಯ ಜನ. ಚಹಾ, ಔಷಧಿ, ಜೆರಾಕ್ಸು, ಹಣ್ಣು, ಹೂವು, ಚಪ್ಪಲಿ ಹೊಲಿಯುವವರು ಇದ್ದರೆ ಎಲ್ಲ ವಯಸ್ಸಿನವರೂ ಇರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇವರಿಗೆ ಪ್ರಮಾಣಪತ್ರ ಕೊಡಿ, ಜಾಗ ಗುರುತಿಸಿ, ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ಅವರದೇ ಪ್ರತಿನಿಧಿಗಳಿರಲಿ ಎನ್ನುತ್ತದೆ. ಬೀದಿಯನ್ನು ಬೆಳಗಿಸುವ ಯೋಜನೆಯ ಚಿತ್ರಗಳಲ್ಲಿ ಬೆಂಚಿರುತ್ತದೆ, ಗಿಡವಿರುತ್ತದೆ, ಬಲೂನು ಹಿಡಿದ ಮಗುವಿರುತ್ತದೆ. ಆ ಬಲೂನು ಮಾರಿದವನ ಚಿತ್ರ ನಾನು ಇನ್ನೂ ನೋಡಿಲ್ಲ.

*

ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಯಲ್ಲಿದ್ದೆ. ಕರಗ ಧರ್ಮರಾಯನ ಗುಡಿಯಿಂದ ನಡುರಾತ್ರಿ ದಾಟಿ ಹೊರಟು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗುವವರೆಗೆ ಗಲ್ಲಿಗಲ್ಲಿ ಸುತ್ತುತ್ತದೆ. ವರ್ಷವಿಡೀ ಒಂಬತ್ತಕ್ಕೆ ಮುಚ್ಚುವ ಸಗಟು ಅಂಗಡಿಗಳ ಬೀದಿಯಲ್ಲಿ ಆ ರಾತ್ರಿ ಎಲ್ಲ ಬಾಗಿಲೂ ತೆರೆದಿದ್ದವು. ಮಜ್ಜಿಗೆ, ಪಾನಕ, ಕೋಸಂಬರಿ. ಜಗಲಿಯ ಮೇಲೆ ಚಾಪೆ ಹಾಸಿ, ಹೆಸರು ಕೂಡ ಕೇಳದೆ ನನಗೆ ಜಾಗ ಕೊಟ್ಟರು. ಬೆಳಗಿನ ಜಾವ ಎರಡೂವರೆಗೆ ಇಬ್ಬರು ಹುಡುಗಿಯರು ಮಲ್ಲಿಗೆ ಮುಡಿದು ನನ್ನೆದುರೇ ನಿಧಾನವಾಗಿ ನಡೆದುಹೋದರು, ಮಾತಾಡುತ್ತ, ಹಿಂದೆ ತಿರುಗಿ ನೋಡದೆ.

ಇದೇ ಊರು.

*

ಮಂಗಳವಾರ, ರಾತ್ರಿ 10.50.

ಸೈಕಲ್ ಮೇಲೆ ಫ್ಲಾಸ್ಕು ಕಟ್ಟಿಕೊಂಡು ಚಹಾ ಮಾರುವ ಹುಡುಗನನ್ನು ಮೂರು ರಾತ್ರಿಯಿಂದ ಗಮನಿಸುತ್ತಿದ್ದೇನೆ. ತುರುವೇಕೆರೆ ಕಡೆಯವನು. ಮಗಳ ದಾರಿಯಲ್ಲಿ ಮೂರು ಕಡೆ ನಿಲ್ಲಿಸುತ್ತಾನೆ, ಯಾವಾಗಲೂ ಅದೇ ಮೂರು ಕಡೆ. ನಿಂತ ಐದು ನಿಮಿಷಕ್ಕೆ ಡೆಲಿವರಿ ಹುಡುಗರು ಬರುತ್ತಾರೆ, ಆಟೋದವರು ಬರುತ್ತಾರೆ, ಕಚೇರಿ ಒರೆಸಿ ಮುಗಿಸಿದ ಇಬ್ಬರು ಹೆಂಗಸರು ಬರುತ್ತಾರೆ. ಯಾದಗಿರಿಯವರು ಗೇಟಿನ ಕಂಬಿಯ ಸಂದಿಯಿಂದ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತಾರೆ. ಇವತ್ತು ಮಗಳು ಆಟೋ ಹಿಡಿಯಲಿಲ್ಲ. ಮೊದಲನೆಯ ಜಾಗದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ನನ್ನ ಜೊತೆ ನಡೆದಳು.

"ಈ ಮೂರು ಕಡೇನೇ ಯಾಕಪ್ಪ ನಿಲ್ಸೋದು?"

"ಇಲ್ಲಿ ದೀಪ ಮರದ ಕೆಳಗೈತೆ ಅಕ್ಕ. ಅಲ್ಲಿ ಸೆಕ್ಯುರಿಟಿಯೋರು ಒಳ್ಳೇವ್ರು, ಓಡ್ಸಲ್ಲ. ಆ ಮೂಲೇಲಿ ಕೂರೋಕೆ ಒಂದು ಕಟ್ಟೆ ಐತೆ. ಜನ ಕೂತ್ರೆ ಎರಡನೇ ಟೀ ಕುಡೀತಾರೆ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಮುಂದಿನ ತಿರುವಿನಲ್ಲಿ ನಾಲ್ಕನೆಯ ಜಾಗವೂ ಇತ್ತು ಎಂದ. ಅಲ್ಲಿಯೂ ಮೊಣಕಾಲೆತ್ತರದ ಕಟ್ಟೆ. ಎಲ್ಲಕ್ಕಿಂತ ಒಳ್ಳೆಯ ವ್ಯಾಪಾರ ಅಲ್ಲಿಯೇ ಆಗುತ್ತಿತ್ತಂತೆ.

ಹೋಗಿ ನೋಡಿದೆವು. ಕಟ್ಟೆ ಈಗಲೂ ಇದೆ. ಅದರ ಮೇಲೆ, ಈ ಕೊನೆಯಿಂದ ಆ ಕೊನೆಯವರೆಗೆ, ಯಾರೂ ಕೂರದ ಹಾಗೆ ಕಬ್ಬಿಣದ ಮುಳ್ಳು ಕೂರಿಸಿದ್ದಾರೆ.